ಟವೆಲ್ಲಿನ ಮರೆಯ ಬೆಲೆ

ನಮ್ಮ ಊರಿನ ಪೇಟೆಬೀದಿಯಲ್ಲಿ ಒಂದು ಹಳೆಯ ಅಂಗಡಿಯಿದೆ. ಅದರ ಗಲ್ಲಾಪೆಟ್ಟಿಗೆಯ ಹಿಂದೆ, ಲಕ್ಷ್ಮಿಯ ಪಟದ ಬಲಗಡೆಗೆ "ಗಿರಾಕಿಗಳೇ ನಮ್ಮ ದೇವರು" ಎಂಬ ಬೋರ್ಡು, ಎಡಗಡೆಗೆ "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು, ಅದರ ಕೆಳಗೆ ಇನ್ನೂ ಸಣ್ಣ ಅಕ್ಷರಗಳಲ್ಲಿ "ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ." ಈ ಮೂರನ್ನೂ ಒಂದೇ ಉಸಿರಿನಲ್ಲಿ ಓದಿದವನಿಗೆ ನಮ್ಮ ಜನ ದೇವರಿಗೆ ಕೊಟ್ಟಿರುವ ಸ್ಥಾನ ಎಂಥದೆಂಬುದು ಚೆನ್ನಾಗಿ ಅರ್ಥವಾಗುತ್ತದೆ. ದೇವರು ಬರಬೇಕು; ಬಂದು ತಾನೇ ಕಾಣಿಕೆ ಹಾಕಬೇಕು; ಹಾಕಿದ ಮೇಲೆ ತಕರಾರು ಮಾಡದೆ ಗುಡಿಯಿಂದ ಹೊರಟುಹೋಗಬೇಕು!

ಈಗ ಈ ದೇವತಾರಾಧನೆಗೆ ಒಂದು ದೊಡ್ಡ ಶಾಸ್ತ್ರವೇ ಬೆಳೆದಿದೆ. 'ಕಸ್ಟಮರ್ ಎಕ್ಸ್‌ಪೀರಿಯೆನ್ಸ್' ಎಂದು ಅದರ ಹೆಸರು. ಕೊಳ್ಳಲು ಬಂದವನಿಗೆ ಅಂಗಡಿಯಲ್ಲಿ ಒದಗುವ ಸುಖದುಃಖಗಳನ್ನು ಅಳೆದು ತೂಗಿ, ಒಂದನ್ನು ಹೆಚ್ಚಿಸಿ ಇನ್ನೊಂದನ್ನು ತಗ್ಗಿಸುವ ಉಪಾಯಗಳನ್ನು ಹೇಳುವುದು ಅದರ ಕೆಲಸ. ನಾನು ಇತಿಹಾಸ ಓದುವವನು. ಆ ಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಕೊಳ್ಳುವವನಾಗಿ ಅಂಗಡಿಯ ಈಚೆ ನಿಂತು ಅಭ್ಯಾಸವಿದೆ. ಮೇಲಾಗಿ, ಈ ಕಾಲೇಜಿನಿಂದ ಬಿ.ಎ. ಮುಗಿಸಿ ಹೊರಟ ನಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಇಂದು ಜವಳಿ ಅಂಗಡಿಗಳಲ್ಲಿ, ಮೊಬೈಲು ಅಂಗಡಿಗಳಲ್ಲಿ, ಕಾರಿನ ಷೋರೂಮುಗಳಲ್ಲಿ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಆಚೆ ನಿಂತಿದ್ದಾರೆ. ನಾಳೆ ನಮ್ಮಲ್ಲಿ ಕೆಲವರೂ ಅಲ್ಲಿಯೇ ನಿಲ್ಲುವವರು. ಆದ್ದರಿಂದ ಎರಡು ಮಾತು ಆಡಲು ನನಗೂ ಹಕ್ಕುಂಟೆಂದು ಭಾವಿಸಿದ್ದೇನೆ.

ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವವನ ತಾಳ್ಮೆಯನ್ನು ನೋಡಿ ನಾನು ಬೆರಗಾಗಿದ್ದೇನೆ. ಐವತ್ತು ಸೀರೆಗಳನ್ನು ಬಿಚ್ಚಿ ಹಾಸಿ, ಐವತ್ತೊಂದನೆಯದಕ್ಕೆ ಏಣಿ ಹತ್ತುವಾಗಲೂ ಅವನ ಮುಖದಲ್ಲಿ ಬೇಸರವಿರುವುದಿಲ್ಲ. "ತಗೊಳ್ಳದಿದ್ದರೆ ಬೇಡಿ ಅಮ್ಮಾ, ನೋಡೋದಕ್ಕೇನು ದುಡ್ಡೇ?" ಎನ್ನುತ್ತಾನೆ. ನಮ್ಮ ಅಜ್ಜಿ ಇಂಥವರ ಪಾಲಿಗೆ ಅಗ್ನಿಪರೀಕ್ಷೆ. ಆಕೆಗೆ ಕೊಳ್ಳುವುದಕ್ಕಿಂತ ಚೌಕಾಸಿಯೇ ಮುಖ್ಯ. ಸಂತೆಯಲ್ಲಿ ಬದನೆಕಾಯಿ ಕೊಂಡರೆ ಕೊಸರಿಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಚೀಲಕ್ಕೆ ಬಿದ್ದ ಮೇಲೆಯೇ ಆಕೆಗೆ ವ್ಯಾಪಾರ ಮುಗಿದಂತೆ. ಬೆಳಗ್ಗೆ ಬೋಣಿಯ ಹೊತ್ತಿಗೆ ಹೋದರೆ ಅಂಗಡಿಯವನು ಗಿರಾಕಿಯನ್ನು ಬಿಟ್ಟುಕೊಡಲಾರನೆಂಬ ಮರ್ಮವನ್ನು ಆಕೆ ಯಾವ ಪುಸ್ತಕವನ್ನೂ ಓದದೆ ಅರಿತಿದ್ದಾಳೆ. ಒಂದೇ ದರದ ಅಂಗಡಿಗೆ ಕರೆದುಕೊಂಡು ಹೋದರೆ, "ಇದೇನೋ, ಮಾತಿಲ್ಲ ಕತೆಯಿಲ್ಲ, ಮೂಗರ ಅಂಗಡಿ!" ಎಂದು ಮೂಗು ಮುರಿಯುತ್ತಾಳೆ.

ಅಜ್ಜಿಯ ಈ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚೌಕಾಸಿಯಲ್ಲಿ ಗೆದ್ದವರ ಕತೆಗಳನ್ನು ಮಾತ್ರ ನಾವು ಕೇಳುತ್ತೇವೆ, ಸೋತವರು ಹೇಳಿಕೊಳ್ಳುವುದಿಲ್ಲ. ನಾಲಿಗೆ ಚುರುಕಿಲ್ಲದ ಪಕ್ಕದ ಮನೆಯಾಕೆ ಅದೇ ಸೀರೆಗೆ ಅದೇ ದಿನ ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ಬಂದಿರುತ್ತಾಳೆ. ಇಬ್ಬರ ಸೀರೆಯೂ ಒಂದೇ ಮದುವೆಯಲ್ಲಿ ಎದುರುಬದುರಾದಾಗ ನಿಜಾಂಶ ಹೊರಬೀಳುತ್ತದೆ. ಅಂದಿನಿಂದ ಆಕೆಗೆ ಆ ಅಂಗಡಿಯವನ ನಗುಮುಖವೂ, ಅವನು ತರಿಸಿಕೊಟ್ಟ ಕಾಫಿಯೂ ಕಹಿ. ಅಜ್ಜಿಗೆ ಸಿಕ್ಕ ರಿಯಾಯಿತಿಯ ಹಣವನ್ನು ತೆತ್ತವಳು ಪಕ್ಕದ ಮನೆಯಾಕೆಯೇ ಎಂದು ಹೇಳಿದರೆ ಅಜ್ಜಿ ಒಪ್ಪುವುದಿಲ್ಲ, ಆ ಮಾತು ಬೇರೆ.

ಬೆಲೆಯನ್ನು ಬಟ್ಟೆಗೆ ಅಂಟಿಸಿ, ದೊರೆ ಬಂದರೂ ಕೂಲಿಯವನು ಬಂದರೂ ಅದೇ ಬೆಲೆ ಎಂದು ಸಾರುವ ಪದ್ಧತಿ ಬಹಳ ಹಳೆಯದೇನಲ್ಲ. ಅಮೆರಿಕದಲ್ಲಿ ಅದನ್ನು ಮನೆಮಾತು ಮಾಡಿದವರಲ್ಲಿ ಫಿಲಡೆಲ್ಫಿಯ ನಗರದ ಜಾನ್ ವಾನಮೇಕರ್ ಪ್ರಮುಖನು. 1876ರಲ್ಲಿ ಆತ ಹಳೆಯ ರೈಲ್ವೆ ಸರಕಿನ ಡಿಪೋ ಒಂದನ್ನು ಹಿಡಿದು ದೊಡ್ಡ ಅಂಗಡಿ ತೆರೆದನು. ಒಂದೇ ದರ, ಹಿಡಿಸದಿದ್ದರೆ ಹಣ ವಾಪಸು. ಇದರಿಂದ ಆತ ಹಾಳಾಗಲಿಲ್ಲ, ಕೋಟ್ಯಧೀಶನಾದನು. 1916ರಲ್ಲಿ ಮೆಂಫಿಸ್ ನಗರದ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಿರಾಕಿಯೇ ಬುಟ್ಟಿ ಹಿಡಿದು ಸಾಲುಗಳ ನಡುವೆ ಅಡ್ಡಾಡಿ ತನಗೆ ಬೇಕಾದುದನ್ನು ತಾನೇ ತೆಗೆದುಕೊಳ್ಳುವ 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ಅಂಗಡಿಯನ್ನು ತೆರೆದನು. ಇಂದಿನ ಸೂಪರ್ ಬಜಾರುಗಳೆಲ್ಲ ಅದರ ಮೊಮ್ಮಕ್ಕಳು.

ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಬೆಲೆ ಮುದ್ರಿಸಬೇಕೆಂಬ ನಿಯಮಗಳು 1977ರಲ್ಲಿ ಬಂದವು. 'ಎಲ್ಲ ತೆರಿಗೆಗಳೂ ಸೇರಿ ಗರಿಷ್ಠ ಮಾರಾಟ ಬೆಲೆ' ಎಂಬುದು ಕಡ್ಡಾಯವಾದದ್ದು 1990ರಿಂದೀಚೆಗೆ. ಈ ಕೆಲವು ಪದಗಳು ಮಾಡಿದ ಉಪಕಾರವನ್ನು ಯಾವ ಕವಿಯೂ ಹಾಡಿಲ್ಲ. ಅಕ್ಷರ ಬಾರದ ಮುದುಕಿ ಮೊಮ್ಮಗನ ಕೈಯಲ್ಲಿ ಸೋಪಿನ ಪೊಟ್ಟಣ ಕೊಟ್ಟು "ಎಷ್ಟಂತೆ ಓದು" ಎಂದರೆ ಸಾಕು, ಅಂಗಡಿಯವನು ಅದಕ್ಕಿಂತ ಒಂದು ಕಾಸು ಹೆಚ್ಚು ಕೇಳುವಂತಿಲ್ಲ. ಪೊಟ್ಟಣವಿಲ್ಲದ ಹಣ್ಣು ತರಕಾರಿಗಳಲ್ಲಿಯೂ ಇದನ್ನು ಸಾಧಿಸಬಹುದೆಂದು ತೋರಿಸಿದ್ದು ಬೆಂಗಳೂರಿನ ರೈತರ ಸಹಕಾರ ಸಂಘ. 1959ರಲ್ಲಿ ದ್ರಾಕ್ಷಿ ಬೆಳೆಗಾರರಿಂದ ಮೊದಲಾಗಿ, ಈಗ ಹಾಪ್‌ಕಾಮ್ಸ್ ಎಂದು ಹೆಸರಾಗಿದೆ. ಅದರ ಹಸಿರು ಮಳಿಗೆಗಳ ಮುಂದೆ ನಿಂತಾಗ ನನ್ನ ಕಣ್ಣು ಮೊದಲು ಹೋಗುವುದು ಹಣ್ಣಿನ ಮೇಲಲ್ಲ, ಆ ದಿನದ ದರ ಬರೆದ ಹಲಗೆಯ ಮೇಲೆ. ಅಲ್ಲಿ ಮಾರುವವನು ನಗುವುದು ಸ್ವಲ್ಪ ಕಡಮೆಯೇ. ಆದರೂ ಮನಸ್ಸಿಗೆ ಒಂದು ನೆಮ್ಮದಿ.

ಹೀಗೆ ಎರಡು ರೂಪಾಯಿಯ ಬೆಂಕಿಪೊಟ್ಟಣಕ್ಕೆ ಇರುವ ಈ ಭಾಗ್ಯ ಹತ್ತು ಲಕ್ಷದ ಕಾರಿಗೆ ಇಲ್ಲದಿರುವುದು ಆಶ್ಚರ್ಯವಲ್ಲವೇ?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನೋ ಸಿದ್ಧಗಂಗೆಯ ಜಾತ್ರೆಯನ್ನೋ ನೋಡಿದವರಿಗೆ ನಾನು ಹೇಳುವ ಈ ದೃಶ್ಯ ಹೊಸದಲ್ಲ. ಎತ್ತು ಕೊಳ್ಳುವವನೂ ಮಾರುವವನೂ ಎದುರು ನಿಂತು ಕೈ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸುತ್ತಾರೆ. ಬಾಯಿ ಮುಚ್ಚಿರುತ್ತದೆ, ಟವೆಲ್ಲಿನ ಕೆಳಗೆ ಬೆರಳುಗಳು ಮಾತಾಡುತ್ತವೆ. ಒಂದೊಂದು ಬೆರಳನ್ನು ಹಿಡಿಯುವುದಕ್ಕೂ ಒಂದೊಂದು ಲೆಕ್ಕ. ಸುತ್ತ ನಿಂತ ನಮ್ಮಂಥ ಬೆಪ್ಪರಿಗೆ ದಲ್ಲಾಳಿಯ ಹುಬ್ಬಿನ ಚಲನೆ ಬಿಟ್ಟು ಬೇರೇನೂ ಕಾಣದು. ಇದು ಮೋಸವೆಂದು ಪೇಟೆಯವರು ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಟವೆಲ್ಲು ಬೆಲೆಯನ್ನು ಮುಚ್ಚುವುದು ಮೂರನೆಯವರಿಂದ. ಕೊಡುವವನಿಗೂ ಕೊಳ್ಳುವವನಿಗೂ ಅದು ಸ್ಪಷ್ಟ. ಕಾರಿನ ಅಂಗಡಿಯ ಟವೆಲ್ಲಿನ ಚಮತ್ಕಾರವೇ ಬೇರೆ. ಅದು ಬೆಲೆಯನ್ನು ಮುಚ್ಚುವುದು ಹಣ ಕೊಡುವವನಿಂದಲೇ!

ಅಮೆರಿಕದವರಿಗೂ ಈ ಕಷ್ಟವಿತ್ತು. ಅಲ್ಲಿ ಒಕ್ಲಹಾಮ ಪ್ರಾಂತದ ಸೆನೆಟರ್ ಮೈಕ್ ಮನ್ರೋನಿ ಎಂಬುವರು ಮುಂದೆ ನಿಂತು 1958ರಲ್ಲಿ ಒಂದು ಕಾನೂನನ್ನು ಮಾಡಿಸಿದರು. ಹೊಸ ಕಾರಿನ ಮೂಲಬೆಲೆ, ಅದಕ್ಕೆ ಸೇರಿಸಿದ ಒಂದೊಂದು ಹೆಚ್ಚಿನ ಸಲಕರಣೆಯ ಬೆಲೆ, ಸಾಗಣೆಯ ವೆಚ್ಚ, ಕೊನೆಗೆ ಮೊತ್ತ, ಇಷ್ಟನ್ನೂ ಬರೆದ ಚೀಟಿ ಕಾರಿನ ಕಿಟಕಿಗೆ ಅಂಟಿರಬೇಕು. ಕೊಂಡವನ ಕೈ ಸೇರುವ ಮೊದಲು ಅದನ್ನು ಕಿತ್ತರೆ ಅಪರಾಧ. ಆ ಚೀಟಿಗೆ ಇಂದಿಗೂ ಅವರ ಹೆಸರೇ ಇದೆ. ಚೀಟಿ ಬಂದೊಡನೆ ಸತ್ಯಯುಗ ಬಂತೆಂದು ತಿಳಿಯಬಾರದು. 2021-22ರಲ್ಲಿ ಚಿಪ್ಪುಗಳ ಅಭಾವದಿಂದ ಕಾರುಗಳು ಕಡಮೆಯಾದಾಗ ಅಲ್ಲಿನ ವ್ಯಾಪಾರಿಗಳು ಚೀಟಿಯ ಪಕ್ಕದಲ್ಲಿಯೇ ಇನ್ನೊಂದು ಚೀಟಿ ಅಂಟಿಸಿ ಸಾವಿರಾರು ಡಾಲರ್ ಹೆಚ್ಚು ಪಡೆದರು. ಆದರೂ ಎಷ್ಟು ಹೆಚ್ಚು ತೆತ್ತೆನೆಂಬುದು ಕೊಂಡವನಿಗೆ ತಿಳಿದಿತ್ತು. ಅದೂ ಒಂದು ಸಮಾಧಾನ.

ನಮ್ಮಲ್ಲಿ ಒಂದು ಕಾಲಕ್ಕೆ ಪ್ರಶ್ನೆಯೇ ಬೇರೆಯಾಗಿತ್ತು. ಅಂಬಾಸಡರ್, ಫಿಯಟ್‌ಗಳ ದಿನಗಳಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು. ಕಾರು ಕೊನೆಗೂ ಬಂತೆಂಬುದೇ ಗಿರಾಕಿಯ ಪರಮಾನಂದ; ಬಣ್ಣ ಯಾವುದೆಂದು ಕೇಳುವಷ್ಟು ದುರಾಸೆ ಯಾರಿಗೂ ಇರಲಿಲ್ಲ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿಯ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರೇ ಕೊಟ್ಟರು. 1993ರಲ್ಲಿ ಕಾರಿನ ಕಾರ್ಖಾನೆಗಳಿಗೆ ಲೈಸೆನ್ಸಿನ ಕಟ್ಟು ಸಡಿಲಿದ ಮೇಲೆ ಬಗೆಬಗೆಯ ಕಂಪೆನಿಗಳು ಬಂದವು. ಕಾಯುತ್ತಿದ್ದವನನ್ನು ಈಗ ಕರೆಯಲಾರಂಭಿಸಿದರು. ಇಂದು ಕಾರು ಕೊಂಡವನಿಗೆ ಹಾರ, ಕೇಕು, ಆಳೆತ್ತರದ ರಟ್ಟಿನ ಕೀಲಿಕೈ, ರೇಷ್ಮೆ ಬಟ್ಟೆ ಮುಚ್ಚಿದ ಕಾರಿನ ಮುಂದೆ ಸಂಸಾರ ಸಮೇತ ಫೋಟೋ. ಇವೆಲ್ಲ ಸಂತೋಷವೇ. ಆದರೆ ಹಾರವನ್ನು ಹಾಕುವುದು ಹಣವೆಲ್ಲ ಸಂದಾಯವಾದ ಮೇಲೆ ಎಂಬುದನ್ನು ಮರೆಯುವಂತಿಲ್ಲ. ಅಂಗಡಿಯ ಸಂಸ್ಕೃತಿಯನ್ನು ಅಳೆಯಬೇಕಾದರೆ ಬಾಗಿಲಲ್ಲಿ ಒಳಗೆ ಬರುವ ಹೊತ್ತಿನಲ್ಲಿ ಅಳೆಯಬೇಕು.

2022ರ ಜನವರಿಯಲ್ಲಿ ತುಮಕೂರಿನಲ್ಲಿ ನಡೆದದ್ದು ವಾಚಕರಿಗೆ ನೆನಪಿರಬಹುದು. ಸಾಮಾನು ಸಾಗಿಸುವ ವಾಹನ ಕೊಳ್ಳಲೆಂದು ಒಬ್ಬ ರೈತರು ಸ್ನೇಹಿತರೊಡನೆ ಷೋರೂಮಿಗೆ ಹೋದರು. ಪತ್ರಿಕೆಗಳಲ್ಲಿ ಬಂದ ಪ್ರಕಾರ, ಅವರ ಉಡುಪನ್ನು ನೋಡಿದ ಮಾರಾಟದ ಹುಡುಗ, ಹತ್ತು ಲಕ್ಷವಿರಲಿ, ಹತ್ತು ರೂಪಾಯಿಯೂ ನಿಮ್ಮ ಜೇಬಿನಲ್ಲಿ ಇರಲಾರದೆಂಬ ಅರ್ಥದ ಮಾತಾಡಿದನಂತೆ. ರೈತರು ಗಂಟೆಯೊಳಗೆ ಹತ್ತು ಲಕ್ಷವನ್ನು ನಗದಾಗಿ ತಂದು ಮೇಜಿನ ಮೇಲಿಟ್ಟು, "ಈಗಲೇ ಗಾಡಿ ಕೊಡಿ" ಎಂದರು. ಗಾಡಿ ಸಿದ್ಧವಿರಲಿಲ್ಲ. ವಿಷಯ ಪೊಲೀಸ್ ಠಾಣೆಗೆ ಹೋಗಿ, ಕ್ಷಮಾಪಣೆಯಾಗಿ, ದೇಶವೆಲ್ಲ ಸುದ್ದಿಯಾಯಿತು. ಓದಿದವರೆಲ್ಲ ಚಪ್ಪಾಳೆ ತಟ್ಟಿದರು; ನಾನೂ ತಟ್ಟಿದೆ. ಆಮೇಲೆ ಒಂದು ಯೋಚನೆ ಬಂತು. ಹತ್ತು ಲಕ್ಷ ತರಬಲ್ಲವರಾದ್ದರಿಂದ ಅವರಿಗೆ ನ್ಯಾಯ ಸಿಕ್ಕಿತು. ನಿಜವಾಗಿಯೂ ಹತ್ತು ರೂಪಾಯಿ ಮಾತ್ರವಿದ್ದು, ಸುಮ್ಮನೆ ಕಾರು ನೋಡುವ ಆಸೆಯಿಂದ ಹೋದವನಿಗೆ ಆ ಮಾತನ್ನು ಆಡಬಹುದಿತ್ತೇ? ಸೀರೆಯಂಗಡಿಯವನ "ನೋಡೋದಕ್ಕೇನು ದುಡ್ಡೇ" ಎಂಬ ಮಾತಿನ ಬೆಲೆ ನನಗೆ ತಿಳಿದದ್ದು ಆವೊತ್ತು.

ಅಮೆರಿಕದ ಡೆಟ್ರಾಯಿಟ್ ಬಳಿ ಜೋ ಜಿರಾರ್ಡ್ ಎಂಬ ಕಾರು ಮಾರುವವನಿದ್ದನು. 1963ರಿಂದ 1978ರವರೆಗೆ 13,001 ಕಾರುಗಳನ್ನು ಒಂದೊಂದಾಗಿ ಮಾರಿ ಗಿನ್ನೆಸ್ ಪುಸ್ತಕ ಸೇರಿದವನು. ಶವಸಂಸ್ಕಾರದ ಕಾರ್ಡುಗಳನ್ನು ಎಷ್ಟು ಅಚ್ಚು ಹಾಕಿಸುತ್ತಾರೆಂದು ವಿಚಾರಿಸಿ, ಒಬ್ಬ ಮನುಷ್ಯನನ್ನು ಬಲ್ಲವರು ಸುಮಾರು 250 ಜನ ಇರುತ್ತಾರೆಂದು ಆತ ಲೆಕ್ಕ ಹಾಕಿದನು. ಒಬ್ಬನನ್ನು ನೋಯಿಸಿದರೆ 250 ಜನರನ್ನು ಕಳೆದುಕೊಂಡಂತೆ ಎಂಬುದು ಅವನ ಸೂತ್ರ. ಲೆಕ್ಕ ಚೆನ್ನಾಗಿದೆ, ಆದರೆ ಗೌರವವನ್ನು 250ರಿಂದ ಗುಣಿಸಿದ ಮೇಲೆಯೇ ಕೊಡಬೇಕೇ ಎಂದು ನನಗೆ ಸ್ವಲ್ಪ ಕಸಿವಿಸಿ. ಮೊಬೈಲಿನ ಈ ಕಾಲದಲ್ಲಿ ಅವನ ಲೆಕ್ಕ ತುಮಕೂರಿನಲ್ಲಿ ಕೋಟಿ ಮುಟ್ಟಿತೆಂಬುದೂ ನಿಜ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಚಿಕ್ಕಪ್ಪ ಕಾರು ಕೊಂಡರು. ನಮ್ಮ ಮನೆತನದಲ್ಲಿ ಅದೇ ಮೊದಲನೆಯದು. ಚಿಕ್ಕಪ್ಪ ದನಗಳ ಜಾತ್ರೆಯಲ್ಲಿ ನುರಿತವರು. ಎತ್ತಿನ ಹಲ್ಲು ಎಣಿಸಿ ವಯಸ್ಸು ಹೇಳುವವರು. ನಾನು ಇಂಗ್ಲಿಷ್ ಓದಿ ಹೇಳಲು ಜೊತೆಗೆ ಹೋದೆ. ಜಿಲ್ಲಾ ಕೇಂದ್ರದ ಆ ಷೋರೂಮಿನಲ್ಲಿ ನಮ್ಮನ್ನು ಎದುರುಗೊಂಡವರು ನಮ್ಮ ಕಾಲೇಜಿನಲ್ಲಿಯೇ ನನಗಿಂತ ಮೂರು ವರ್ಷ ಮುಂದೆ ಓದಿದವರು. ಚರ್ಚಾಕೂಟದಲ್ಲಿ ಬಹುಮಾನ ಪಡೆದವರು. ಸಂತೋಷದಿಂದ ಕೂರಿಸಿ, ತಣ್ಣನೆಯ ಪಾನೀಯ ತರಿಸಿ, ಒಂದು ಹಾಳೆಯನ್ನು ಮುಂದಿಟ್ಟರು. ಎಕ್ಸ್-ಷೋರೂಂ ಬೆಲೆ, ಒಮ್ಮೆಗೇ ಕಟ್ಟಬೇಕಾದ ಜೀವಿತಾವಧಿ ರಸ್ತೆ ತೆರಿಗೆ, ನೋಂದಣಿ, ವಿಮೆ, ಫಾಸ್ಟ್ಯಾಗ್. ಇಲ್ಲಿಯವರೆಗೆ ಚಿಕ್ಕಪ್ಪ ತಲೆಯಾಡಿಸುತ್ತಿದ್ದರು. ಆಮೇಲೆ "ಅವಶ್ಯ ಕಿಟ್" ಎಂದು ಹದಿನೆಂಟು ಸಾವಿರ, "ಹ್ಯಾಂಡ್ಲಿಂಗ್" ಎಂದು ಏಳೂವರೆ ಸಾವಿರ.

"ಈ ಹ್ಯಾಂಡ್ಲಿಂಗು ಅಂದ್ರೆ ಏನಪ್ಪಾ?" ಎಂದು ಚಿಕ್ಕಪ್ಪ ಕೇಳಿದರು.

"ಅದು ಸರ್... ಗಾಡೀನ ಯಾರ್ಡಿಂದ ಇಲ್ಲಿಗೆ ತರೋ ಖರ್ಚು."

"ಗಾಡಿ ಇಲ್ಲಿಗೆ ತರದೆ ನನಗೆ ಹೆಂಗಪ್ಪ ಮಾರ್ತಿದ್ರಿ? ಎತ್ತು ಮಾರೋನು ಜಾತ್ರೆಗೆ ಹೊಡ್ಕೊಂಡು ಬಂದ ಕೂಲೀನ ನನ್ನ ಹತ್ರ ಕೇಳಿದ್ದು ನಾನು ಕಾಣೆ."

ಅವರು ನಕ್ಕರು; ಆದರೆ ಉತ್ತರ ಕೊಡಲಿಲ್ಲ. ವಿಮೆಯನ್ನು ನಮಗೆ ಬೇಕಾದ ಕಂಪೆನಿಯಲ್ಲಿ ಮಾಡಿಸುವ ಸ್ವಾತಂತ್ರ್ಯ ಕೊಳ್ಳುವವನಿಗೆ ಉಂಟೆಂದು ನಾನು ಓದಿದ್ದೆ. ಅದನ್ನು ಹೇಳಿದಾಗ, "ಹೊರಗಿನ ವಿಮೆಯಾದರೆ ಡೆಲಿವರಿ ಸ್ವಲ್ಪ ತಡವಾಗಬಹುದು" ಎಂದರು. ನಮ್ಮೂರಿನ ಏಜೆಂಟರು ಅದೇ ವಿಮೆಗೆ ಹನ್ನೊಂದು ಸಾವಿರ ಕಡಮೆ ಹೇಳಿದ್ದರು. ವಿಮೆಯ ಕಾಗದಕ್ಕೂ ಕಾರಿನ ಚಕ್ರಕ್ಕೂ ಇರುವ ಈ ಸಂಬಂಧ ನನಗೆ ಅರ್ಥವಾಗಲಿಲ್ಲ. ಎರಡು ಗಂಟೆಯ ವಾದದ ನಂತರ ಹ್ಯಾಂಡ್ಲಿಂಗ್ ಹೋಯಿತು, ಕಿಟ್ಟು ಅರ್ಧವಾಯಿತು, ವಿಮೆ ನಮ್ಮ ಏಜೆಂಟರದೇ ಆಯಿತು. ನಮ್ಮ ಮುಂದೆಯೇ ಪಕ್ಕದ ಮೇಜಿನಲ್ಲಿ ಒಬ್ಬ ನಿವೃತ್ತ ಮೇಷ್ಟರು ಮಾತಿಲ್ಲದೆ ಪೂರಾ ಮೊತ್ತಕ್ಕೆ ರುಜು ಹಾಕಿದರು. ಅವರಿಗೆ ಸಿಕ್ಕಿದ್ದೂ ಅದೇ ಪಾನೀಯ, ಅದೇ ನಗು.

ಸಂಜೆ ಹೊರಗಿನ ಟೀ ಅಂಗಡಿಯಲ್ಲಿ ಆ ಹಿರಿಯ ಮಿತ್ರರು ತಾವಾಗಿಯೇ ಬಿಚ್ಚಿ ಹೇಳಿದರು. ಕೈಗೆ ಬರುವ ಮೂಲ ಸಂಬಳ ರೂಮಿನ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ಊರಿಗೆ ಕಳುಹಿಸುವ ಹಣ ಹುಟ್ಟುವುದು ಕಾರಿನಿಂದಲ್ಲ. ವಿಮೆ, ಸಾಲ, ಕಿಟ್ಟುಗಳಿಂದ. ತಿಂಗಳಿಗೆ ಇಷ್ಟೆಂದು ಗುರಿ. ಮುಟ್ಟದಿದ್ದರೆ ಬೆಳಗಿನ ಸಭೆಯಲ್ಲಿ ಎಲ್ಲರೆದುರು ನಿಲ್ಲಬೇಕು. "ಕೆಟ್ಟವನಾಗಿ ಯಾರೂ ಈ ಕೆಲಸಕ್ಕೆ ಬರೋದಿಲ್ಲ ಕಣೋ. ಹ್ಯಾಂಡ್ಲಿಂಗ್ ಅಂದ್ರೆ ಏನು ಅಂತ ನಾನೂ ಮೊದಲನೇ ದಿನ ಕೇಳಿದ್ದೆ" ಎಂದರು. ಕಾರು ಮಾರಾಟವನ್ನು ಸುಧಾರಿಸುವ ಬಗೆಗೆ ದೊಡ್ಡ ಊರುಗಳಲ್ಲಿ ತರಬೇತಿ ನಡೆಸುತ್ತಾರಂತೆ. ಹೇಗೆ ಕೈ ಮುಗಿಯಬೇಕು, ಗಿರಾಕಿಯ ಹೆಸರನ್ನು ಎಷ್ಟು ಸಲ ಹೇಳಬೇಕು ಎಂದೆಲ್ಲ ಕಲಿಸುತ್ತಾರಂತೆ. ಅಷ್ಟೆಲ್ಲ ಯಾಕೆ? ಬಾಗಿಲ ಬಳಿ ಕಾರಿನ ಪೂರ್ಣ ಬೆಲೆಯ ಒಂದು ಹಲಗೆ ನೇತುಹಾಕಿ, ಆ ಹುಡುಗರ ಸಂಬಳವನ್ನು ಕಿಟ್ಟಿನಿಂದ ಬಿಡಿಸಿದರೆ ನಮಸ್ಕಾರ ತಾನಾಗಿಯೇ ನೆಟ್ಟಗಾಗುತ್ತದೆಂದು ನನ್ನ ಅಭಿಪ್ರಾಯ. ರಸ್ತೆ ಬದಿಯ ಮೆಕ್ಯಾನಿಕ್ ಸಾಬರು ಹೊಸ ಭಾಗ ಜೋಡಿಸಿದ ಮೇಲೆ, ತೆಗೆದ ಹಳೆಯದನ್ನು ಚಿಂದಿಯಲ್ಲಿ ಒರೆಸಿ ನಮ್ಮ ಕೈಗೇ ಕೊಡುತ್ತಾರೆ. ಅವರಿಗೆ ಯಾವ ತರಬೇತಿಯೂ ಆಗಿಲ್ಲ.

ಆ ಮಿತ್ರರು ಹೊರಡುವ ಮುಂಚೆ ಚಿಕ್ಕಪ್ಪನವರಲ್ಲಿ ಒಂದು ಪ್ರಾರ್ಥನೆ ಮಾಡಿಕೊಂಡರು. ಡೆಲಿವರಿಯಾದ ವಾರದೊಳಗೆ ಕಂಪೆನಿಯಿಂದ ಫೋನ್ ಬರುತ್ತದೆ. ಹತ್ತಕ್ಕೆ ಎಷ್ಟು ಅಂಕವೆಂದು ಕೇಳುತ್ತಾರೆ. ದಯವಿಟ್ಟು ಹತ್ತೇ ಎನ್ನಬೇಕು. ಈ ಅಳತೆಗೆ ಪ್ರಸಿದ್ಧಿ ತಂದದ್ದು ಫ್ರೆಡ್ ರೈಕ್‌ಹೆಲ್ಡ್ ಎಂಬ ಅಮೆರಿಕನ್ ಪಂಡಿತರು 2003ರಲ್ಲಿ ಹಾರ್ವರ್ಡಿನ ವ್ಯಾಪಾರ ಪತ್ರಿಕೆಯಲ್ಲಿ ಬರೆದ ಲೇಖನ. ಅದರಂತೆ ಒಂಬತ್ತು ಹತ್ತು ಕೊಟ್ಟವರು ಮೆಚ್ಚಿದವರು. ಏಳು ಎಂಟು ಕೊಟ್ಟವರು ಲೆಕ್ಕಕ್ಕಿಲ್ಲ. ಸೊನ್ನೆಯಿಂದ ಆರರವರೆಗೆ ಎಲ್ಲರೂ ದೂರುವವರು. ನಮ್ಮ ವಿಶ್ವವಿದ್ಯಾನಿಲಯದಲ್ಲಿ ಪ್ರಥಮ ದರ್ಜೆಯಾಗುವ ಅರವತ್ತು ಪ್ರತಿಶತ ಅಲ್ಲಿ ಫೇಲು! ಅಂಗಡಿಯ ಕುಂದನ್ನು ಅರಿಯಲೆಂದು ಹುಟ್ಟಿದ ಈ ಅಳತೆ, ಅಂಕಕ್ಕೆ ಸಂಬಳವನ್ನು ಕಟ್ಟಿದೊಡನೆ ಅಂಕಭಿಕ್ಷೆಯಾಯಿತು. ರೈಕ್‌ಹೆಲ್ಡರೇ 2021ರಲ್ಲಿ ಅದೇ ಪತ್ರಿಕೆಯಲ್ಲಿ ಅದರ ದುರುಪಯೋಗವನ್ನು ಕುರಿತು ಬರೆದರು.

ಐದನೆಯ ದಿನ ಫೋನ್ ಬಂತು. ಚಿಕ್ಕಪ್ಪ ಜಗುಲಿಯಲ್ಲಿ ಕೂತಿದ್ದರು. ಕಾರು ಅಂಗಳದಲ್ಲಿ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಆ ಕಡೆಯ ಹೆಣ್ಣುಮಗಳು ಬಹಳ ವಿನಯದಿಂದ ಪ್ರಶ್ನೆ ಕೇಳಿದಳು.

"ಹುಡುಗನಿಗೆ ಹತ್ತು ಹಾಕ್ಕೋ ತಾಯಿ. ಅಂಗಡಿಗೆ ನಾಲ್ಕು ಹಾಕು. ಆ ಹ್ಯಾಂಡ್ಲಿಂಗಿನ ವಿಷಯಾನೂ ಬರ್ಕೋ."

"ಸರ್, ಎರಡು ಅಂಕ ಹಾಕೋದಕ್ಕೆ ಇಲ್ಲಿ ಬರೋದಿಲ್ಲ. ಒಂದೇ ಕಾಲಂ ಇರೋದು."

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಫೋನನ್ನು ಕಿವಿಯಿಂದ ದೂರ ಹಿಡಿದು, "ನಾಲ್ಕು ಅಂದ್ರೆ ಆ ಹುಡುಗನ್ನ ನಿಲ್ಲಿಸ್ತಾರೆ, ಅಲ್ವೇನೋ?" ಎಂದು ನನ್ನನ್ನು ಕೇಳಿದರು. ಹೌದೆಂದು ತಲೆಯಾಡಿಸಿದೆ.

"ಹತ್ತು ಅಂತಲೇ ಬರ್ಕೊಳ್ಳಮ್ಮ" ಎಂದರು.